ಸೊನ್ನೆ ಯಾರ ಹೆಸರಿನಲ್ಲಿ?

ಬೇಸಗೆಯ ರಜೆಗೆ ಕೆಲವೇ ದಿನಗಳು ಉಳಿದಿದ್ದಾಗ, ತಳಿ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯ ಮೈದಾನದಲ್ಲಿ ಏಳನೆಯ ಮತ್ತು ಎಂಟನೆಯ ತರಗತಿಯ ಮಕ್ಕಳ ನಡುವೆ ಕ್ರಿಕೆಟ್ ಪಂದ್ಯವೊಂದು ನಡೆಯಿತು. ನಿವೃತ್ತ ಉಪಾಧ್ಯಾಯನೆಂಬ ಗೌರವಕ್ಕೆ ನನ್ನನ್ನು ಬೇವಿನ ಮರದ ನೆರಳಿನಲ್ಲಿ ಕೂರಿಸಿ, ಅಂಕಪುಸ್ತಕ ಬರೆಯುತ್ತಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳಿಗೆ ಮೇಲ್ವಿಚಾರಕನಾಗಿ ನೇಮಿಸಿದ್ದರು. ಮೇಲ್ವಿಚಾರಣೆಯ ಅಗತ್ಯವೇನೂ ಆಕೆಗೆ ಇರಲಿಲ್ಲ. ಒಂದು ಓವರಿನಲ್ಲಿ ಆರು ಚೆಂಡುಗಳಿಗೂ ಓಟ ಬಾರದೆ ಹೋದಾಗ ಆರು ಚುಕ್ಕಿಗಳನ್ನು ಜೋಡಿಸಿ, ಅವುಗಳ ಮೇಲೆ ಅಚ್ಚುಕಟ್ಟಾಗಿ ಮೇಡನ್ ಎಂಬುದರ ಗುರುತನ್ನು ಹಾಕಿದಳು. ಹಾಕಿದವಳು ಪೆನ್ಸಿಲನ್ನು ಹಾಗೆಯೇ ಹಿಡಿದು ಕೇಳಿದಳು: “ಸರ್, ಆ ಓವರ್‌ನಲ್ಲಿ ಎರಡು ಬಾಲು ಕೀಪರ್ ಎದೆಗೆ ಹೊಡೀತು. ಅವನು ಬಿಟ್ಟಿದ್ರೆ ಓಡ್ತಿದ್ರು. ಅವನದ್ದು ಎಲ್ಲಿ ಬರೀಬೇಕು?”

ಅಂಕಪುಸ್ತಕದಲ್ಲಿ ಅದಕ್ಕೆ ಮನೆ ಇಲ್ಲ ಎಂದೆ. ಆಕೆ ಒಪ್ಪಿದಂತೆ ತಲೆಯಾಡಿಸಿ, ಹಾಳೆಯ ಅಂಚಿನಲ್ಲಿ ಸಣ್ಣದಾಗಿ ‘ಕೀಪರ್ 2’ ಎಂದು ಬರೆದುಕೊಂಡಳು. ಪಂದ್ಯ ಮುಗಿಯುವ ಹೊತ್ತಿಗೆ ಆ ಎರಡು ಏಳಾಗಿತ್ತು.

ಎದುರಾಳಿಗೆ ಏನನ್ನೂ ಕೊಡದಿರುವುದು ಆಟದಲ್ಲಿ ಒಂದು ಸಾಧನೆ. ಆದರೆ ಆ ಸೊನ್ನೆಯನ್ನು ಯಾರ ಹೆಸರಿಗೆ ಬರೆಯಬೇಕು? ಈ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಬೇಸ್‌ಬಾಲ್ ಮೈದಾನಗಳಲ್ಲಿ ಬಹಳ ತೀಕ್ಷ್ಣವಾಗಿ ಎದ್ದಿತ್ತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಒಬ್ಬ ಚೆಂಡೆಸೆತಗಾರರ ಬದುಕಿನಲ್ಲಿಯೂ ಅದು ಬೇರೊಂದು ರೂಪದಲ್ಲಿ ಎದ್ದಿತು. ಮೊದಲು ಅಮೆರಿಕದ ಕಥೆಯನ್ನು ಹೇಳಿ, ಆಮೇಲೆ ಧಾರವಾಡದವರ ಕಡೆಗೆ ಬರುತ್ತೇನೆ.

ಕ್ರಿಕೆಟ್ಟಿನ ಮೇಡನ್ ಓವರನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಅದರ ಪರಾಕಾಷ್ಠೆ ನಡೆದದ್ದು ನಮ್ಮ ರಾಜ್ಯದ ರಾಜಧಾನಿಯಲ್ಲಿಯೇ. 1964ರ ಜನವರಿಯಲ್ಲಿ ಮದರಾಸಿನ ಕಾರ್ಪೊರೇಷನ್ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ವಿರುದ್ಧ ಬಾಪು ನಾಡಕರ್ಣಿಯವರು ಸತತವಾಗಿ 21 ಮೇಡನ್ ಓವರುಗಳನ್ನು ಎಸೆದರು. ಆ ಇನಿಂಗ್ಸಿನಲ್ಲಿ ಅವರ ಲೆಕ್ಕ 32 ಓವರು, 27 ಮೇಡನ್, 5 ಓಟ. ವಿಕೆಟ್ ಒಂದೂ ಇಲ್ಲ. ನಡುವೆ 131 ಚೆಂಡುಗಳಿಗೆ ಬ್ಯಾಟಿನಿಂದ ಒಂದು ಓಟವೂ ಹುಟ್ಟಲಿಲ್ಲ. ಇಲ್ಲಿ ಒಂದು ನಿಯಮವನ್ನು ಗಮನಿಸಬೇಕು. ಚೆಂಡು ಬ್ಯಾಟಿಗೂ ದೇಹಕ್ಕೂ ತಾಕದೆ ಕೀಪರನ ಕೈತಪ್ಪಿ ಹೋಗಿ ಬ್ಯಾಟುಗಾರರು ಓಡಿದರೆ ಆ ಓಟ ‘ಬೈ’ ಎಂದು ತಂಡದ ಖಾತೆಗೆ ಸೇರುತ್ತದೆ. ಎಸೆತಗಾರನ ಮೇಡನ್ ಕೆಡುವುದಿಲ್ಲ. ಅಂದರೆ ಕ್ರಿಕೆಟ್ಟು ಎಸೆತಗಾರನ ಸೊನ್ನೆಯನ್ನೂ ಕೀಪರನ ತಪ್ಪನ್ನೂ ಬೇರೆ ಬೇರೆ ಮನೆಗಳಲ್ಲಿ ಇಡುತ್ತದೆ. ಆ ಹುಡುಗಿಯ ಪ್ರಶ್ನೆಗೆ ಇದು ಅರ್ಧ ಉತ್ತರ.

ಬೇಸ್‌ಬಾಲಿನಲ್ಲಿ ಹಾಗಲ್ಲ. ಆ ಆಟವನ್ನು ನೋಡದವರಿಗಾಗಿ ಎರಡು ಮಾತು ಹೇಳಬೇಕು. ತಂಡಕ್ಕೆ ಒಂಬತ್ತು ಮಂದಿ. ಎರಡೂ ತಂಡಗಳು ಒಂಬತ್ತೊಂಬತ್ತು ಸರದಿ ಬ್ಯಾಟು ಹಿಡಿಯುತ್ತವೆ. ಮೂವರು ಔಟಾದರೆ ಒಂದು ಸರದಿ ಮುಗಿಯಿತು. ಮೈದಾನದ ನಾಲ್ಕು ಮೂಲೆಗಳನ್ನು ಸುತ್ತಿ ಮೊದಲಿನ ಸ್ಥಾನಕ್ಕೆ ಮರಳಿದವನು ತಂಡಕ್ಕೆ ಒಂದು ಓಟ ತರುತ್ತಾನೆ. ಚೆಂಡನ್ನು ಎಸೆಯುವವನು ಪಿಚರ್. ಬ್ಯಾಟುಗಾರನ ಹಿಂದೆ ನಿಂತು ಅದನ್ನು ಹಿಡಿಯುವವನು ಕ್ಯಾಚರ್. ಈ ಇಬ್ಬರನ್ನೂ ಸೇರಿಸಿ ಅಲ್ಲಿಯವರು ‘ಬ್ಯಾಟರಿ’ ಎನ್ನುತ್ತಾರೆ. ಇಡೀ ಪಂದ್ಯದಲ್ಲಿ ಎದುರಾಳಿ ತಂಡಕ್ಕೆ ಒಂದು ಓಟವೂ ದಕ್ಕದಿದ್ದರೆ ಅದು ಶಟ್‌ಔಟ್. ಬಾಗಿಲು ಮುಚ್ಚಿ ಹೊರಗಿಟ್ಟಂತೆ. ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಎಸೆದ ಪಿಚರನ ಹೆಸರಿಗೆ ಅದನ್ನು ಬರೆಯುತ್ತಾರೆ. ಆದರೆ ಕ್ಯಾಚರ್ ಒಂದು ಚೆಂಡನ್ನು ಕೈಬಿಟ್ಟು ಅದರಿಂದ ಒಬ್ಬ ಓಟಗಾರ ಮನೆ ಸೇರಿದನೆಂದರೆ ಶಟ್‌ಔಟ್ ಮಾಯ. ದೂರದಲ್ಲಿ ನಿಂತ ಒಬ್ಬ ಕ್ಷೇತ್ರರಕ್ಷಕ ಎಡವಿದರೂ ಮಾಯ. ಒಂಬತ್ತು ಮಂದಿಯೂ ತಪ್ಪಬಾರದು. ಕೀರ್ತಿ ಮಾತ್ರ ಒಬ್ಬನದು.

ಬಹಿರಂಗವಾಗಿ ಸಂಬಳ ಕೊಟ್ಟು ಕಟ್ಟಿದ ಮೊದಲ ಬೇಸ್‌ಬಾಲ್ ತಂಡವೆಂದು ಹೆಸರಾದದ್ದು 1869ರ ಸಿನ್ಸಿನಾಟಿ ತಂಡ. ಅದನ್ನು ಮೀರಿಸಬೇಕೆಂದು ಚಿಕಾಗೋ ನಗರದವರು ಹಣ ಸುರಿದು ಮರುವರ್ಷ ಒಂದು ತಂಡ ಕಟ್ಟಿದರು. 1870ರ ಜುಲೈ 23ರಂದು ನ್ಯೂಯಾರ್ಕಿನ ಮ್ಯೂಚುಯಲ್ಸ್ ತಂಡ ಚಿಕಾಗೋ ನಗರಕ್ಕೇ ಹೋಗಿ ಅವರನ್ನು 9-0 ಅಂತರದಲ್ಲಿ ಸೋಲಿಸಿತು. ಚಿಕಾಗೋ ತಂಡವನ್ನು ಸೊನ್ನೆಗೆ ನಿಲ್ಲಿಸಿದ ಪಿಚರ್ ರೈನೀ ವೋಲ್ಟರ್ಸ್. ತಂಡಗಳು ಹತ್ತು, ಇಪ್ಪತ್ತು, ಮೂವತ್ತು ಓಟ ಗಳಿಸುವುದು ಮಾಮೂಲಾಗಿದ್ದ ಆ ದಿನಗಳಲ್ಲಿ ಸೊನ್ನೆ ಎಂಬುದು ನಗೆಪಾಟಲಿನ ವಿಷಯವಾಯಿತು. ಮುಂದೆ ಹಲವು ವರ್ಷಗಳ ಕಾಲ ಯಾವ ತಂಡ ಸೊನ್ನೆಗೆ ಸೋತರೂ ಪತ್ರಿಕೆಗಳು ಅದು ‘ಚಿಕಾಗೋ ಆಯಿತು’ ಎಂಬರ್ಥದಲ್ಲಿ ಬರೆಯುತ್ತಿದ್ದವು. ಒಂದು ಮಹಾನಗರದ ಹೆಸರು ಕ್ರಿಯಾಪದವಾಗಿ ಬಾಳಿತು! ನಮ್ಮಲ್ಲಿ ಸೊನ್ನೆಗೆ ‘ಮೊಟ್ಟೆ’ ಎನ್ನುತ್ತೇವೆ. ಅದು ಎಷ್ಟೋ ಸೌಮ್ಯ.

1871ರಲ್ಲಿ ವೃತ್ತಿಪರ ಆಟಗಾರರ ಮೊದಲ ಒಕ್ಕೂಟ ಸ್ಥಾಪನೆಯಾಯಿತು. ಮೇ 4ರಂದು ನಡೆದ ಅದರ ಮೊತ್ತಮೊದಲ ಪಂದ್ಯವೇ ಶಟ್‌ಔಟ್ ಆದದ್ದು ಕಾಕತಾಳೀಯ. ಫೋರ್ಟ್ ವೇನ್ ಎಂಬ ಸಣ್ಣ ಊರಿನ ತಂಡ ಕ್ಲೀವ್‌ಲ್ಯಾಂಡಿನವರನ್ನು 2-0 ಅಂತರದಲ್ಲಿ ಮಣಿಸಿತು. ಎಸೆದವರು ಹತ್ತೊಂಬತ್ತು ವರ್ಷದ, ಗಿಡ್ಡ ಮೈಕಟ್ಟಿನ ಬಾಬಿ ಮ್ಯಾಥ್ಯೂಸ್. ಆ ಒಕ್ಕೂಟ ಐದು ವರ್ಷಗಳಲ್ಲಿ ಮುಗ್ಗರಿಸಿತು. 1876ರಲ್ಲಿ ಇಂದಿಗೂ ಉಳಿದಿರುವ ನ್ಯಾಷನಲ್ ಲೀಗ್ ಆರಂಭವಾಯಿತು. ಅದರ ಮೊದಲ ಶಟ್‌ಔಟ್ ಏಪ್ರಿಲ್ 25ರಂದು ಚಿಕಾಗೋ ತಂಡದ ಪಿಚರ್ ಆಲ್ಬರ್ಟ್ ಸ್ಪಾಲ್ಡಿಂಗ್ ಅವರದು. ಚಿಕಾಗೋ ಈ ಬಾರಿ ಇತರರನ್ನು ‘ಚಿಕಾಗೋ’ ಮಾಡಿತು. ಸ್ಪಾಲ್ಡಿಂಗ್ ಹೆಸರನ್ನು ನೆನಪಿಟ್ಟುಕೊಳ್ಳಿ. ಆಟದ ಸಾಮಾನುಗಳ ಅಂಗಡಿ ತೆರೆದು ಅದನ್ನು ಜಗತ್ತಿನಾದ್ಯಂತ ಹರಡಿದವರು ಇವರೇ. ಮುಂದೆ ನಮ್ಮ ದೇಶದ ಸಮೀಪಕ್ಕೂ ಬರಲಿದ್ದಾರೆ.

ಆದರೆ 1876 ನಿಜವಾಗಿ ಸೇಂಟ್ ಲೂಯಿಸ್ ತಂಡದ ಜಾರ್ಜ್ ಬ್ರಾಡ್ಲಿಯವರ ವರ್ಷ. ತಂಡ ಆಡಿದ 64 ಪಂದ್ಯಗಳಿಗೂ ಎಸೆತ ಆರಂಭಿಸಿದವರು ಅವರೇ. ಗೆಲುವು 45, ಅವುಗಳಲ್ಲಿ 16 ಶಟ್‌ಔಟ್. ಜುಲೈ ತಿಂಗಳಲ್ಲಿ ಹಾರ್ಟ್‌ಫರ್ಡ್ ತಂಡದ ಎದುರು 11, 13 ಮತ್ತು 15ನೆಯ ತಾರೀಖುಗಳಂದು ಸತತ ಮೂರು ಪಂದ್ಯಗಳಲ್ಲಿ ಸೊನ್ನೆ. ಮೂರನೆಯದರಲ್ಲಿ ಎದುರಾಳಿಗಳಿಗೆ ಒಂದು ಸರಿಯಾದ ಹೊಡೆತವೂ ಸಿಗಲಿಲ್ಲ. ಒಂದು ಋತುವಿನಲ್ಲಿ 16 ಶಟ್‌ಔಟ್ ಎಂಬ ದಾಖಲೆಯನ್ನು 1916ರಲ್ಲಿ ಗ್ರೋವರ್ ಅಲೆಕ್ಸಾಂಡರ್ ಸರಿಗಟ್ಟಿದರು. ಮೀರಿಸಿದವರು ಇಂದಿಗೂ ಇಲ್ಲ. ಮರುವರ್ಷ ಬ್ರಾಡ್ಲಿ ಚಿಕಾಗೋ ತಂಡಕ್ಕೆ ಹೋದರು. ಅದೇ ತೋಳು, ಅದೇ ಎಸೆತ. ಗೆಲುವು 18, ಸೋಲು 23.

ಹೀಗೇಕಾಯಿತು ಎಂಬುದಕ್ಕೆ ಒಂದೇ ಕಾರಣ ಹೇಳುವುದು ಸರಿಯಲ್ಲ. ಆದರೆ ಅಂದಿನ ಆಟ ಹೇಗೆ ನಡೆಯುತ್ತಿತ್ತೆಂಬುದನ್ನು ನೋಡಿದರೆ, ಹದಿನಾರು ಸೊನ್ನೆಗಳನ್ನು ಒಂದೇ ತೋಳು ದುಡಿಯಲಾರದು ಎಂಬುದು ಸ್ಪಷ್ಟವಾಗುತ್ತದೆ. ಪಿಚರ್ ನಿಲ್ಲುತ್ತಿದ್ದುದು ಬ್ಯಾಟುಗಾರನಿಂದ 45 ಅಡಿ ದೂರದಲ್ಲಿ. ನಮ್ಮ ಕ್ರಿಕೆಟ್ ಪಿಚ್ಚಿನ ಉದ್ದ 66 ಅಡಿ ಎಂಬುದನ್ನು ನೆನೆದರೆ ಅದು ಎಷ್ಟು ಹತ್ತಿರವೆಂಬುದು ತಿಳಿದೀತು. ಕೈಯನ್ನು ಸೊಂಟಕ್ಕಿಂತ ಕೆಳಗಿಟ್ಟೇ ಚೆಂಡನ್ನು ಎಸೆಯಬೇಕಿತ್ತು. ಚೆಂಡು ಎತ್ತರದಲ್ಲಿ ಬರಬೇಕೋ ತಗ್ಗಿನಲ್ಲಿ ಬರಬೇಕೋ ಎಂದು ಬ್ಯಾಟುಗಾರನೇ ಕೇಳಿ ಪಡೆಯಬಹುದಾಗಿತ್ತು. ಹೋಟೆಲಿನಲ್ಲಿ ಕಾಫಿ ಸ್ಟ್ರಾಂಗೋ ಲೈಟೋ ಎಂದು ಹೇಳಿದಂತೆ. ಎಲ್ಲಕ್ಕಿಂತ ಮುಖ್ಯವಾಗಿ, ಮೈದಾನದಲ್ಲಿದ್ದವರು ಬಹುಪಾಲು ಬರಿಗೈಯಲ್ಲಿಯೇ ಚೆಂಡು ಹಿಡಿಯುತ್ತಿದ್ದರು. ಆದ್ದರಿಂದ ತಪ್ಪುಗಳು ಹೇರಳ. ಆ ವರ್ಷ ನ್ಯಾಷನಲ್ ಲೀಗಿನಲ್ಲಿ ಒಂದು ತಂಡ ಪಂದ್ಯವೊಂದಕ್ಕೆ ಸರಾಸರಿ ಆರರ ಆಸುಪಾಸಿನಲ್ಲಿ ಓಟ ಗಳಿಸುತ್ತಿತ್ತು. ಅವುಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚಿನವು ಪಿಚರನ ಲೆಕ್ಕಕ್ಕೆ ಸೇರದೆ ಇತರರ ತಪ್ಪಿನಿಂದ ಬಂದವು. ಪಿಚರ್ ಎಷ್ಟೇ ಚೆನ್ನಾಗಿ ಎಸೆಯಲಿ, ಎಂಟು ಜೊತೆ ಬರಿಗೈಗಳು ಎರಡು ಗಂಟೆ ಕಾಲ ತಪ್ಪದಿದ್ದರೆ ಮಾತ್ರ ಸೊನ್ನೆ.

ಈ ಎಂಟು ಮಂದಿಯಲ್ಲಿ ಕ್ಯಾಚರನ ಪಾಡು ಬೇರೆಯೇ. ಸೇಂಟ್ ಲೂಯಿಸ್‌ನಲ್ಲಿ ಬ್ರಾಡ್ಲಿಯವರ ಚೆಂಡು ಹಿಡಿಯುತ್ತಿದ್ದವರು ಜಾನ್ ಕ್ಲಾಪ್. ಮುಖಕ್ಕೆ ತಂತಿಯ ಜಾಲರಿ ಆಗ ಬಳಕೆಗೆ ಬಂದಿರಲಿಲ್ಲ. ಹಾರ್ವರ್ಡ್ ವಿದ್ಯಾರ್ಥಿಯೊಬ್ಬರು ಕತ್ತಿವರಸೆಯವರ ಮುಖವಾಡವನ್ನು ಮಾರ್ಪಡಿಸಿ ಅದನ್ನು ರೂಪಿಸಿದ್ದು ಅದೇ ಕಾಲಕ್ಕೆ, ಅದರ ಪೇಟೆಂಟು ದೊರೆತದ್ದು 1878ರಲ್ಲಿ. ಎದೆಗವಚ ಬಂದದ್ದು ಇನ್ನೂ ತಡವಾಗಿ. ಬೆರಳು ಮುರಿಯುವುದು, ಉಗುರು ಕಿತ್ತು ಹೋಗುವುದು ವೃತ್ತಿಯ ಭಾಗ. ಬ್ರಾಡ್ಲಿಯವರ ಹೆಸರು ದಾಖಲೆ ಪುಸ್ತಕದಲ್ಲಿ ಒಂದೂವರೆ ಶತಮಾನ ನಿಂತಿದೆ. ಕ್ಲಾಪ್ ಅವರ ಹೆಸರನ್ನು ಹುಡುಕಿಯೇ ತೆಗೆಯಬೇಕು. ನನಗೆ ಕುತೂಹಲ ಹೆಚ್ಚಾಗಿ ಇವರ ಮೇಲೆಯೇ.

ಇನ್ನೊಂದು ಪ್ರಸಂಗ. 1880ರ ಜೂನ್ 12ರಂದು ವೂಸ್ಟರ್ ತಂಡದ ಲೀ ರಿಚ್‌ಮಂಡ್ ಕ್ಲೀವ್‌ಲ್ಯಾಂಡ್ ತಂಡದ ಎದುರು ಸೊನ್ನೆಗಿಂತಲೂ ಶುದ್ಧವಾದ ಸೊನ್ನೆಯನ್ನು ಸಾಧಿಸಿದರು. ಬಂದ 27 ಬ್ಯಾಟುಗಾರರೂ ಒಂದು ಮೂಲೆಯನ್ನೂ ತಲುಪದೆ ಮರಳಿದರು. ಇದನ್ನು ‘ಪರಿಪೂರ್ಣ ಪಂದ್ಯ’ ಎನ್ನುತ್ತಾರೆ. ಐದೇ ದಿನಗಳ ಬಳಿಕ ಪ್ರಾವಿಡೆನ್ಸ್ ತಂಡದ ಜಾನ್ ವಾರ್ಡ್ ಕೂಡ ಅದನ್ನೇ ಮಾಡಿದರು. ಆ ಮೇಲೆ ನ್ಯಾಷನಲ್ ಲೀಗಿನಲ್ಲಿ ಮತ್ತೊಂದು ಪರಿಪೂರ್ಣ ಪಂದ್ಯಕ್ಕೆ 1964ರವರೆಗೆ, ಅಂದರೆ ನಾಡಕರ್ಣಿಯವರು ಮದರಾಸಿನಲ್ಲಿ ಎಸೆದ ಅದೇ ವರ್ಷದವರೆಗೆ, ಕಾಯಬೇಕಾಯಿತು. ರಿಚ್‌ಮಂಡ್ ಅವರ ಪಂದ್ಯದಲ್ಲಿ ಒಂದು ಚೆಂಡು ಬ್ಯಾಟಿನಿಂದ ಬಲಬದಿಯ ದೂರದ ಅಂಗಳಕ್ಕೆ ನೆಲದ ಮೇಲೆ ಉರುಳಿ ಹೋಯಿತು. ಯಾವ ದಿನದಲ್ಲಾದರೂ ಅದು ಸಲೀಸಾದ ಹೊಡೆತ. ಅಲ್ಲಿದ್ದ ಲಾನ್ ನೈಟ್ ಓಡಿ ಬಂದು ಚೆಂಡನ್ನು ಎತ್ತಿ ನೇರವಾಗಿ ಮೊದಲ ಮೂಲೆಗೆ ಎಸೆದು, ಬ್ಯಾಟುಗಾರ ತಲುಪುವ ಮೊದಲೇ ಔಟು ಮಾಡಿದರು. ಪರಿಪೂರ್ಣತೆ ಉಳಿದದ್ದು ಆ ಒಂದು ಎಸೆತದಿಂದ. ರಿಚ್‌ಮಂಡ್ ಮುಂದೆ ವೈದ್ಯವೃತ್ತಿಯನ್ನೂ ನೋಡಿ, ಕೊನೆಗೆ ಒಹಾಯೋ ಸಂಸ್ಥಾನದ ಟೊಲೀಡೊ ನಗರದಲ್ಲಿ ಪ್ರೌಢಶಾಲೆಯ ಉಪಾಧ್ಯಾಯರಾದರು. ಉಪಾಧ್ಯಾಯನಾದ ನನಗೆ ಇದು ಹಿತವೆನಿಸುವ ಸಂಗತಿ.

ಆದರೆ ಅದೇ ಟೊಲೀಡೊ ನಗರ ಬೇಸ್‌ಬಾಲ್ ಚರಿತ್ರೆಯಲ್ಲಿ ಉಳಿದಿರುವುದು ಬೇರೊಂದು ಕಾರಣಕ್ಕೆ.

1884 ಪಿಚರುಗಳ ಸುಗ್ಗಿಯ ವರ್ಷ. ಪ್ರಾವಿಡೆನ್ಸ್‌ನ ಚಾರ್ಲಿ ರಾಡ್‌ಬರ್ನ್ ಆ ಒಂದೇ ಋತುವಿನಲ್ಲಿ 59 ಪಂದ್ಯ ಗೆದ್ದರು (ಹಳೆಯ ಎಣಿಕೆಯಲ್ಲಿ 60). ಬೆಳಿಗ್ಗೆ ತಲೆ ಬಾಚಿಕೊಳ್ಳಲೂ ಅವರ ತೋಳು ಮೇಲೇಳುತ್ತಿರಲಿಲ್ಲ ಎಂಬ ಮಾತಿದೆ. ಅವರದು 11 ಶಟ್‌ಔಟ್, ಬಫಲೋ ತಂಡದ ಜಿಮ್ ಗ್ಯಾಲ್ವಿನ್ ಅವರದು 12. ಇದೇ ವರ್ಷ ಇನ್ನೊಂದು ಒಕ್ಕೂಟವಾದ ಅಮೆರಿಕನ್ ಅಸೋಸಿಯೇಷನ್‌ಗೆ ಟೊಲೀಡೊ ತಂಡ ಸೇರಿತು. ಅದರ ಮುಖ್ಯ ಪಿಚರ್ ಟೋನಿ ಮುಲೇನ್. ರೂಪವಂತರು, ಜನಪ್ರಿಯರು, ಎರಡೂ ಕೈಗಳಿಂದ ಎಸೆಯಬಲ್ಲವರು. ಗೆಲುವು 36, ಶಟ್‌ಔಟ್ 7. ಅದರ ಕ್ಯಾಚರುಗಳಲ್ಲಿ ಒಬ್ಬರು ಮೋಸಸ್ ಫ್ಲೀಟ್‌ವುಡ್ ವಾಕರ್. ಓಬರ್ಲಿನ್ ಕಾಲೇಜಿನಲ್ಲಿಯೂ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿಯೂ ಓದಿದವರು. ಕಪ್ಪು ಜನಾಂಗದವರು. ಆ ದರ್ಜೆಯ ಒಕ್ಕೂಟದಲ್ಲಿ ಬಹಿರಂಗವಾಗಿ ಕರಿಯರೆಂದೇ ಆಡಿದವರಲ್ಲಿ ಅವರೇ ಮೊದಲಿಗರು.

ಯಾವ ಚೆಂಡು ಎಸೆಯಬೇಕೆಂದು ಬೆರಳಿನ ಸನ್ನೆಯಿಂದ ತಿಳಿಸುವವನು ಕ್ಯಾಚರ್. ಸನ್ನೆಯನ್ನು ಪಿಚರ್ ಒಪ್ಪಿದರೆ ಚೆಂಡು ಎಲ್ಲಿಗೆ ಬರುತ್ತದೆಂದು ಕ್ಯಾಚರನಿಗೆ ಮೊದಲೇ ತಿಳಿದಿರುತ್ತದೆ. ಅವನ ಬೆರಳುಗಳು ಉಳಿಯುವುದು ಆ ತಿಳಿವಳಿಕೆಯಿಂದ. ಮುಲೇನ್ ವಾಕರ್ ಅವರ ಸನ್ನೆಯನ್ನು ನೋಡುತ್ತಲೇ ಇರಲಿಲ್ಲ. ಇದು ಯಾರೋ ಕಟ್ಟಿದ ಆಪಾದನೆಯಲ್ಲ. ಮೂವತ್ತೈದು ವರ್ಷಗಳ ಬಳಿಕ, 1919ರಲ್ಲಿ, ಮುಲೇನ್ ತಾವಾಗಿಯೇ ಪತ್ರಕರ್ತರಲ್ಲಿ ಹೇಳಿಕೊಂಡದ್ದು. ತಾವು ಕಂಡ ಅತ್ಯುತ್ತಮ ಕ್ಯಾಚರ್ ವಾಕರ್ ಅವರೇ. ಆದರೆ ಕರಿಯನೊಬ್ಬನಿಂದ ಸೂಚನೆ ಪಡೆಯಲು ಮನಸ್ಸು ಒಪ್ಪದೆ ತಮಗೆ ತೋಚಿದ್ದನ್ನು ಎಸೆಯುತ್ತಿದ್ದೆ, ಏನು ಬರುತ್ತದೆಂದು ತಿಳಿಯದೆಯೇ ಅವರು ಹಿಡಿಯುತ್ತಿದ್ದರು ಎಂಬ ಅರ್ಥದ ಮಾತು. ಬರಿಗೈ, ಅಥವಾ ಬೆರಳು ಕತ್ತರಿಸಿದ ತೆಳ್ಳನೆಯ ಚರ್ಮದ ಕೈಚೀಲ. ಬರುವ ಚೆಂಡು ನೇರವೋ ಬಾಗುವುದೋ ತಿಳಿಯದು. ಆ ಋತುವಿನಲ್ಲಿ ವಾಕರ್ ಆಡಿದ್ದು 42 ಪಂದ್ಯ. ಗಾಯಗಳು ಅವರನ್ನು ಋತು ಮುಗಿಯುವ ಮೊದಲೇ ಹೊರಗೆ ಕೂರಿಸಿದವು. ಅವರು ಮೈದಾನಕ್ಕೆ ಇಳಿದರೆ ದಾಳಿ ಮಾಡುವುದಾಗಿ ವರ್ಜೀನಿಯಾದ ರಿಚ್‌ಮಂಡ್ ನಗರದಿಂದ ಬೆದರಿಕೆಯ ಪತ್ರವೂ ಬಂದಿತ್ತು.

ಒಡಕು ಅಲ್ಲಿಗೆ ನಿಲ್ಲಲಿಲ್ಲ. ಚಿಕಾಗೋ ತಂಡದ ನಾಯಕ ಕ್ಯಾಪ್ ಆನ್ಸನ್ ಆ ಕಾಲದ ಅತಿ ಪ್ರಸಿದ್ಧ ಆಟಗಾರರು. 1883ರಲ್ಲಿ ಟೊಲೀಡೊದಲ್ಲಿ ಒಂದು ಪ್ರದರ್ಶನ ಪಂದ್ಯಕ್ಕೆ ಬಂದಾಗ ವಾಕರ್ ಇದ್ದರೆ ತಾವು ಆಡುವುದಿಲ್ಲವೆಂದರು. ಟೊಲೀಡೊದ ವ್ಯವಸ್ಥಾಪಕರು ಹಟಕ್ಕೆ ಬಿದ್ದು, ಕೈನೋವಿನಿಂದ ಹೊರಗೆ ಕೂರಬೇಕಾಗಿದ್ದ ವಾಕರ್ ಅವರನ್ನೇ ಕಣಕ್ಕಿಳಿಸಿದರು. ಟಿಕೆಟ್ಟಿನ ಪಾಲು ಕೈತಪ್ಪುತ್ತದೆಂದಾಗ ಆನ್ಸನ್ ಮಣಿದರು. ನಾಲ್ಕು ವರ್ಷಗಳ ಬಳಿಕ ಮಣಿಯಲಿಲ್ಲ. 1887ರ ಜುಲೈ 14ರಂದು ನ್ಯೂಆರ್ಕ್ ತಂಡದ ಕರಿಯ ಪಿಚರ್ ಜಾರ್ಜ್ ಸ್ಟೋವಿ ಮತ್ತು ಕ್ಯಾಚರ್ ವಾಕರ್ ಚಿಕಾಗೋ ಎದುರಿನ ಪಂದ್ಯದಿಂದ ಹೊರಗುಳಿದರು. ಅದೇ ದಿನ, ನ್ಯೂಆರ್ಕ್ ಸದಸ್ಯವಾಗಿದ್ದ ಇಂಟರ್‌ನ್ಯಾಷನಲ್ ಲೀಗ್, ಕರಿಯ ಆಟಗಾರರೊಂದಿಗೆ ಇನ್ನು ಮುಂದೆ ಹೊಸ ಒಪ್ಪಂದಗಳಿಗೆ ಒಪ್ಪಿಗೆ ನೀಡಬಾರದೆಂದು ತೀರ್ಮಾನಿಸಿತು. ವಾಕರ್ ಸಹೋದರರ ಬಳಿಕ ಅತ್ಯುನ್ನತ ದರ್ಜೆಯಲ್ಲಿ ಮತ್ತೊಬ್ಬ ಕರಿಯ ಆಟಗಾರ, ಜ್ಯಾಕಿ ರಾಬಿನ್ಸನ್, ಮೈದಾನಕ್ಕೆ ಇಳಿದದ್ದು 1947ರ ಏಪ್ರಿಲ್ 15ರಂದು. ಅಲ್ಲಿ ಬಾಗಿಲು ಮುಚ್ಚಿ ಹೊರಗಿಟ್ಟದ್ದು ಓಟಗಳನ್ನು ಮಾತ್ರವಲ್ಲ.

ಸ್ಪಾಲ್ಡಿಂಗ್ ಅವರನ್ನು ನೆನಪಿಡಲು ಹೇಳಿದ್ದೆ. 1888ರ ಕೊನೆಯಲ್ಲಿ ಅವರು ಎರಡು ತಂಡಗಳನ್ನು ಹಡಗಿಗೆ ಹತ್ತಿಸಿ ಬೇಸ್‌ಬಾಲ್ ಪ್ರಚಾರಕ್ಕೆ ವಿಶ್ವ ಪರ್ಯಟನೆ ಹೊರಟರು. ಒಂದು ತಂಡದ ನಾಯಕ ಇದೇ ಆನ್ಸನ್. ಆಸ್ಟ್ರೇಲಿಯಾ ಮುಗಿಸಿ 1889ರ ಜನವರಿಯಲ್ಲಿ ಅವರು ಕೊಲಂಬೊದಲ್ಲಿ ಒಂದು ಪಂದ್ಯ ಆಡಿದರು. ಭಾರತಕ್ಕೆ ಬರುವ ಯೋಚನೆ ಕೈಬಿಟ್ಟುಹೋಗಿ, ಹಡಗು ಸೂಯೆಜ್ ಕಡೆಗೆ ತಿರುಗಿತು; ಮುಂದಿನ ಪಂದ್ಯ ನಡೆದದ್ದು ಈಜಿಪ್ಟಿನ ಪಿರಮಿಡ್ಡುಗಳ ಬಳಿ. ಬೇಸ್‌ಬಾಲ್ ನಮ್ಮ ತೀರವನ್ನು ಸವರಿಕೊಂಡು ಹೋಯಿತು. ಇಲ್ಲಿ ಬೇರೂರುತ್ತಿದ್ದುದು ಬೇರೊಂದು ಚೆಂಡಾಟ. ಅದರಲ್ಲಿಯೂ ಕೂಲಿಗೆ ಚೆಂಡೆಸೆಯುವವರು ಇದ್ದರು. ಈಗ ಧಾರವಾಡದವರ ಕಥೆಗೆ ಬರೋಣ.

ಬ್ರಾಡ್ಲಿ ಹದಿನಾರು ಸೊನ್ನೆಗಳನ್ನು ಗಳಿಸಿದ ಅದೇ 1876 ಬಾಲೂ ಅವರ ಜನ್ಮವರ್ಷವೆಂದು ಕ್ರಿಕೆಟ್ ದಾಖಲೆಗಳಲ್ಲಿದೆ. ಪೂರ್ಣ ಹೆಸರು ಪಾಲ್ವಣಕರ್ ಬಾಲೂ, ಹುಟ್ಟಿದ್ದು ಧಾರವಾಡದಲ್ಲಿ. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಹೊಸೂರು ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ. ಕನ್ನಡದ ಊರುಗಳು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲ ಅದು. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಲು ಇನ್ನೂ ಹದಿನಾಲ್ಕು ವರ್ಷ ಬೇಕಿತ್ತು. ಬಾಲೂ ಅವರನ್ನು ಕನ್ನಡಿಗರೆಂದು ಹಕ್ಕು ಸಾಧಿಸುವುದು ನನ್ನ ಉದ್ದೇಶವಲ್ಲ. ಮನೆತನದ ಹೆಸರು ಕೊಂಕಣದ ಪಾಲ್ವಣ ಗ್ರಾಮದ್ದು. ತಂದೆ ಸೈನ್ಯದ ಸೇವೆಯಲ್ಲಿದ್ದವರು. ಸಂಸಾರ ಬೇಗನೆ ಪುಣೆಗೆ ಹೋಯಿತು. ಆದರೆ ನಮ್ಮ ನೆಲದಲ್ಲಿ ಹುಟ್ಟಿದವರ ಕಥೆ ನಮ್ಮ ಮಕ್ಕಳಿಗೆ ತಿಳಿದಿರಬೇಡವೇ?

ಅವರು ಚರ್ಮಕಾರ ಸಮುದಾಯದವರು. ಅಂದಿನ ಸಮಾಜದ ಲೆಕ್ಕದಲ್ಲಿ ಅಸ್ಪೃಶ್ಯರು. ಸೈನ್ಯಾಧಿಕಾರಿಗಳು ಬಿಸಾಡಿದ ಬ್ಯಾಟು ಚೆಂಡುಗಳಿಂದ ಬಾಲೂ ಮತ್ತು ತಮ್ಮ ಶಿವರಾಮ್ ಆಟ ಕಲಿತರು. ಮೊದಲ ಕೆಲಸ ಪುಣೆಯಲ್ಲಿ ಪಾರ್ಸಿಗಳು ನಡೆಸುತ್ತಿದ್ದ ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ಚು ಗುಡಿಸುವುದು, ಉರುಳೆ ಎಳೆಯುವುದು. ತಿಂಗಳಿಗೆ ಮೂರು ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಜಿಮ್ಖಾನ. ಅಲ್ಲಿ ನಾಲ್ಕು ರೂಪಾಯಿ. ಬಲೆ ಕಟ್ಟುವುದು, ಟೆನ್ನಿಸ್ ಅಂಗಳಕ್ಕೆ ಸುಣ್ಣದ ಗೆರೆ ಎಳೆಯುವುದು ಅಲ್ಲಿನ ಕೆಲಸ. ಆಂಗ್ಲ ಸದಸ್ಯರೊಬ್ಬರು ಒಮ್ಮೆ ಬಲೆಯಲ್ಲಿ ಚೆಂಡೆಸೆಯಲು ಹೇಳಿದರು. ಎಡಗೈಯಿಂದ ನಿಧಾನವಾಗಿ ತಿರುಗಿಸಿ ಎಸೆಯುವ ಆ ಹುಡುಗನ ಚೆಂಡನ್ನು ಅರ್ಥಮಾಡಿಕೊಳ್ಳುವುದು ಸುಲಭವಿರಲಿಲ್ಲ. ಅಲ್ಲಿನ ಅತ್ಯುತ್ತಮ ಬ್ಯಾಟುಗಾರ ಕ್ಯಾಪ್ಟನ್ ಗ್ರೇಗ್ ಇತರರಿಗಿಂತ ಒಂದು ಗಂಟೆ ಮೊದಲೇ ಬಂದು ಬಾಲೂ ಎಸೆತಕ್ಕೆ ಅಭ್ಯಾಸ ಮಾಡುತ್ತಿದ್ದರು. ತಮ್ಮನ್ನು ಔಟು ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರೆಂಬ ಮಾತು ಪ್ರಚಲಿತವಾಗಿದೆ. ಗಂಟೆಗಟ್ಟಲೆ, ವರ್ಷಗಟ್ಟಲೆ ಎಸೆದರೂ ಬಾಲೂ ಕೈಗೆ ಅಲ್ಲಿ ಯಾರೂ ಬ್ಯಾಟು ಕೊಡಲಿಲ್ಲ. ಬ್ಯಾಟಿಂಗ್ ದೊರೆಗಳದ್ದು, ಎಸೆತ ಕೂಲಿಯವರದ್ದು.

ಪುಣೆಯ ಹಿಂದೂಗಳು ಯುರೋಪಿಯನ್ನರನ್ನು ಸೋಲಿಸಬೇಕೆಂದು ತಂಡ ಕಟ್ಟುವಾಗ ಚರ್ಚೆ ಎದ್ದಿತು. ಇಡೀ ಊರಿನಲ್ಲಿ ಅತ್ಯುತ್ತಮ ಎಸೆತಗಾರ ಯಾರೆಂಬುದು ಎಲ್ಲರಿಗೂ ಗೊತ್ತು. ಆದರೆ ಸೇರಿಸಿಕೊಳ್ಳುವುದು ಹೇಗೆ? ಕ್ಲಬ್ಬಿನ ಕೆಲವು ತೆಲುಗು ಸದಸ್ಯರು ಬೇಕೆಂದರು. ಸ್ಥಳೀಯ ಬ್ರಾಹ್ಮಣ ಸದಸ್ಯರು ಹಿಂಜರಿದರು. ಕೊನೆಗೆ ಗೆಲ್ಲುವ ಆಸೆಯೇ ಗೆದ್ದಿತು. ಮೈದಾನದಲ್ಲಿ ಬಾಲೂ ಮುಟ್ಟಿದ ಚೆಂಡನ್ನು ಉಳಿದ ಹತ್ತು ಮಂದಿಯೂ ಮುಟ್ಟಿದರು. ಚಹಾದ ವಿರಾಮಕ್ಕೆ ಮಾತ್ರ ಉಳಿದವರು ಒಳಗೆ ಪಿಂಗಾಣಿ ಬಟ್ಟಲಿನಲ್ಲಿ ಕುಡಿದರು. ಬಾಲೂ ಅವರಿಗೆ ಹೊರಗೆ, ಕುಡಿದು ಒಡೆದೆಸೆಯುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಮುಖ ತೊಳೆಯಲು ನೀರು ಹಾಕುವವನೂ ಅವರದೇ ಸಮುದಾಯದ ಆಳು. ಚೆಂಡಿಗೆ ಇಲ್ಲದ ಮೈಲಿಗೆ ಚಹಾಕ್ಕೆ ಇತ್ತು. ಟೊಲೀಡೊದ ಪಿಚರ್ ಕ್ಯಾಚರನ ಕೈಯನ್ನು ಬಳಸಿಕೊಂಡು ಅವನ ಸನ್ನೆಯನ್ನು ಒಲ್ಲೆನೆಂದದ್ದಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಗೆಲುವುಗಳು ಬರತೊಡಗಿದಂತೆ ಗೋಡೆ ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ಸತಾರಾದ ಬಿಳಿಯರ ಜಿಮ್ಖಾನದವರು ಬಾಲೂ ಚೆಂಡು ತಿರುಗದಿರಲೆಂದು ವಾರಕಾಲ ಉರುಳೆ ಎಳೆಸಿದ್ದರಂತೆ. ಆದರೂ ಅಲ್ಲಿ ಅವರು ಏಳು ವಿಕೆಟ್ ಕಿತ್ತರು. ನ್ಯಾಯಮೂರ್ತಿ ರಾನಡೆಯವರು ಸಾರ್ವಜನಿಕವಾಗಿ ಅವರನ್ನು ಕೊಂಡಾಡಿ, ಜೊತೆಗೆ ಆಡಬಹುದಾದವರು ಜೊತೆಗೆ ಉಣ್ಣಲಾರರೇ ಎಂದು ಕೇಳಿದರು. ಪ್ಲೇಗಿನ ಕಾಲದಲ್ಲಿ ಬಾಲೂ ಮುಂಬಯಿಗೆ ಹೋಗಿ, ರೈಲ್ವೆ ಕಂಪನಿಯ ನೌಕರಿ ಹಿಡಿದು, ಹಿಂದೂ ಜಿಮ್ಖಾನ ಸೇರಿದರು. 1906ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿದಾಗ ತಂಡದಲ್ಲಿ ಬಾಲೂ, ಶಿವರಾಮ್ ಇಬ್ಬರೂ ಇದ್ದರು. ಎರಡನೆಯ ಇನಿಂಗ್ಸಿನಲ್ಲಿ ಬಿಳಿಯರು ಕುಸಿದದ್ದು 102ಕ್ಕೆ.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಬೆಂಗಳೂರಿನ ಬ್ಯಾಟುಗಾರ ಬಿ. ಜಯರಾಂ ಆ ತಂಡದಲ್ಲಿದ್ದರು. ವಿಕೆಟ್ ಹಿಂದೆ ಬಾಲೂ ಅವರ ಚೆಂಡು ಹಿಡಿದವರು ಮದರಾಸು ಕಡೆಯ ಕೆ. ಶೇಷಾಚಾರಿ. ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದ ಎಸೆತಗಾರ, ಅಯ್ಯಂಗಾರ್ ಹೆಸರಿನ ಕೀಪರ್. ಟೊಲೀಡೊದ ಬ್ಯಾಟರಿಯನ್ನು ತಲೆಕೆಳಗು ಮಾಡಿದಂತಹ ಜೋಡಿ. ತಂಡ ಆಡಿದ 23 ಪಂದ್ಯಗಳಲ್ಲಿ 15ರಲ್ಲಿ ಸೋತಿತು, ಆರರಲ್ಲಿ ಗೆದ್ದಿತು. ಅಂತಹ ತಂಡದಲ್ಲಿದ್ದುಕೊಂಡು ಬಾಲೂ 114 ವಿಕೆಟ್ ಪಡೆದರು. ವಿಕೆಟ್ಟೊಂದಕ್ಕೆ ಕೊಟ್ಟ ಓಟ ಸರಾಸರಿ 18.84. ಆಗ ಅವರಿಗೆ ಮೂವತ್ತೈದು ವರ್ಷ. ದಾಖಲೆಗಳಲ್ಲಿ ಅವರ ಪ್ರಥಮ ದರ್ಜೆಯ ಆಟ ಆರಂಭವಾಗುವುದು ಮೂವತ್ತರ ಆಸುಪಾಸಿನಲ್ಲಿ: 33 ಪಂದ್ಯ, 179 ವಿಕೆಟ್. ಪುಣೆಯ ಬಲೆಯೊಳಗೆ ಕಳೆದ ತಾರುಣ್ಯ ಆ ಲೆಕ್ಕದಲ್ಲಿ ಸೇರಿಲ್ಲ.

ತಂಡದ ನಾಯಕತ್ವ ಮಾತ್ರ ಅವರಿಗೆ ಬರಲಿಲ್ಲ. ವರ್ಷವರ್ಷವೂ ಬೇರೆಯವರ ಹೆಸರು ಬಂದಿತು. ಅವರ ಕಿರಿಯ ತಮ್ಮ ವಿಠಲ್ ಒಳ್ಳೆಯ ಬ್ಯಾಟುಗಾರರಾಗಿ ಬೆಳೆದಿದ್ದರು. 1920ರಲ್ಲಿ ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟಾಗ ವಿಠಲ್ ಮತ್ತು ಶಿವರಾಮ್ ತಾವೂ ಆಡುವುದಿಲ್ಲವೆಂದು ಹೊರಬಂದು, ಯೋಗ್ಯತೆಯನ್ನಲ್ಲ ಜಾತಿಯನ್ನು ನೋಡಲಾಗಿದೆಯೆಂದು ಬಹಿರಂಗವಾಗಿ ಬರೆದರು. ಆಡಳಿತದವರು ಹಿಂಜರಿದು ಬಾಲೂ ಅವರನ್ನು ಮರಳಿ ಕರೆದು ಉಪನಾಯಕರನ್ನಾಗಿ ಮಾಡಿದರು. ಪಂದ್ಯದ ನಡುವೆ ನಾಯಕ ಪೈ ಸ್ವಲ್ಪ ಹೊತ್ತು ಮೈದಾನದಿಂದ ಹೊರಗುಳಿದು, ತಂಡವನ್ನು ನಡೆಸುವ ಅವಕಾಶವನ್ನು ಅವರಿಗೆ ಮಾಡಿಕೊಟ್ಟರು. ನಲವತ್ತು ದಾಟಿದ ಎಸೆತಗಾರನಿಗೆ ಸಂದದ್ದು ಅಷ್ಟು.

ಈ ಸಂಗತಿಗಳೆಲ್ಲ ಇಂದು ನಮಗೆ ತಿಳಿದಿರುವುದು ಮುಖ್ಯವಾಗಿ ಎರಡು ಪುಸ್ತಕಗಳಿಂದ. ಒಂದು, ವಿಠಲ್ ಅವರು 1948ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ ಆತ್ಮಚರಿತ್ರೆ. ಇನ್ನೊಂದು, ಬೆಂಗಳೂರಿನಲ್ಲಿ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹ 2002ರಲ್ಲಿ ಇಂಗ್ಲಿಷಿನಲ್ಲಿ ಬರೆದ ಭಾರತೀಯ ಕ್ರಿಕೆಟ್ಟಿನ ಚರಿತ್ರೆ. ಅಂಕಪುಸ್ತಕಗಳಲ್ಲಿ ಮಣ್ಣಿನ ಕುಡಿಕೆಗೆ ಮನೆ ಇರಲಿಲ್ಲ. ತಮ್ಮನೊಬ್ಬ ನೆನಪಿಟ್ಟು ಬರೆದುದರಿಂದ ಬಹಳಷ್ಟು ಉಳಿಯಿತು.

1923ರಲ್ಲಿ ಹಿಂದೂ ತಂಡದ ನಾಯಕತ್ವ ವಿಠಲ್ ಅವರಿಗೆ ದೊರೆಯಿತು. ಆ ವರ್ಷ ಅವರು ಯುರೋಪಿಯನ್ನರನ್ನು ಸೋಲಿಸಿದರು. ಬಾಲೂ ಆ ವೇಳೆಗೆ ಆಟ ಬಿಟ್ಟಿದ್ದರು.